ಸಹಾಯ ಬೇಕು: ನ್ಯಾನೊ ಮೇಲ್ಮೈಗೆ ಪ್ಲೇಟ್‌ಲೆಟ್‌ಗಳ ಅಂಟಿಕೆ

ಎಲ್ಲರಿಗೂ ನಮಸ್ಕಾರ. ಟೈಟಾನಿಯಂ ಮೇಲ್ಮೈಯ ನ್ಯಾನೊ ಗಾತ್ರದ ಉಬ್ಬುತಗ್ಗುಗಳು, ರಕ್ತ ಹೆಪ್ಪುಗಟ್ಟಲು ನೆರವಾಗುವ ಕಿರುಕಣಗಳಾದ ಪ್ಲೇಟ್‌ಲೆಟ್‌ಗಳ ಅಂಟಿಕೆಯನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ಅಧ್ಯಯನ ಮಾಡುತ್ತಿದ್ದೇನೆ. ಪ್ಲೇಟ್‌ಲೆಟ್‌ನ ವ್ಯಾಸ ಸುಮಾರು 2ರಿಂದ 3 ಮೈಕ್ರೋಮೀಟರ್. ಆದರೆ ರಕ್ತ ತಾಗಿದ ಕೂಡಲೇ, ಕೋಶಗಳಿಗಿಂತ ಮೊದಲು, ಸುಮಾರು 45 ನ್ಯಾನೊಮೀಟರ್ ಉದ್ದದ ಫೈಬ್ರಿನೋಜೆನ್‌ನಂತಹ ಪ್ರೋಟೀನುಗಳು ಮೇಲ್ಮೈಯನ್ನು ಆವರಿಸುವುದರಿಂದ, ಅವು ಯಾವ ಭಂಗಿಯಲ್ಲಿ ಕೂರುತ್ತವೆ ಎಂಬುದೇ ಮುಂದಿನ ಅಂಟಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಈ ಹಂತವೇ ನನಗೆ ಅತ್ಯಂತ ಮುಖ್ಯವೆನಿಸುತ್ತದೆ.

ಈ ಉಬ್ಬುತಗ್ಗುಗಳಿಗಾಗಿ ಆನೋಡೀಕರಣದಿಂದ (ಫ್ಲೋರೈಡ್ ಇರುವ ದ್ರಾವಣದಲ್ಲಿ ವಿದ್ಯುತ್ ಹಾಯಿಸಿ) ಟೈಟಾನಿಯಂ ಮೇಲೆ ಆಕ್ಸೈಡ್‌ನ ನ್ಯಾನೊಕೊಳವೆಗಳನ್ನು ಬೆಳೆಸುತ್ತೇನೆ. ವೋಲ್ಟೇಜ್ ಏರಿಸಿ ಈ ಕೊಳವೆಗಳ ವ್ಯಾಸವನ್ನು ಹೆಚ್ಚಿಸಿದಾಗ, ಮೇಲ್ಮೈಯಲ್ಲಿ ನೀರು ಹರಡುವ ಗುಣವೂ ಉಳಿದ ಫ್ಲೋರೈಡ್‌ನ ಪ್ರಮಾಣವೂ ಜೊತೆಗೇ ಬದಲಾಗಬಹುದಾದ್ದರಿಂದ, ಆಕಾರದ ಪರಿಣಾಮವನ್ನಷ್ಟೇ ಬೇರ್ಪಡಿಸುವುದು ಕಷ್ಟವಾಗಿದೆ. ಮೇಲ್ಮೈಯ ರಾಸಾಯನಿಕ ಗುಣ ಒಂದೇ ಆಗಿರಲು ಎಲ್ಲ ಮಾದರಿಗಳಿಗೂ ಒಂದೇ ತೆಳು ಲೇಪನ ಕೊಟ್ಟರೆ ಸಾಕೇ, ಅಥವಾ ಸಣ್ಣ ಕೊಳವೆಗಳ ಬಾಯಿಯೇ ಮುಚ್ಚಿಹೋಗುವುದೇ? ರಕ್ತವನ್ನು ನಿಲ್ಲಿಸಿಡದೆ ಹರಿಯಬಿಟ್ಟು ಪರೀಕ್ಷಿಸಿದ ಅನುಭವವಿರುವವರು, ಹೋಲಿಕೆಗೆ ಯಾವ ನಯವಾದ ಮೇಲ್ಮೈಯನ್ನು ಬಳಸಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.