ಹಳೇ ಪೆಟ್ರೋಲ್ ಗಾಡಿ: ಮೇಸ್ತ್ರಿನ ಕೇಳಿ

ಪದ್ಮಿನಿ, ಹಾಸನ: ನಮಸ್ಕಾರ ಮೇಸ್ತ್ರಿ ಸಾರ್. ಅಪ್ಪ ಓಡಿಸ್ತಿದ್ದ 1986ರ ಪದ್ಮಿನಿ ಕಾರು. ಬೆಳಗ್ಗೆ ಚೆನ್ನಾಗೇ ಸ್ಟಾರ್ಟ್ ಆಗುತ್ತೆ. ಬಿಸಿಯಾದ ಮೇಲೆ ಐಡ್ಲಿಂಗ್ ನಿಲ್ಲಲ್ಲ, ಸಿಗ್ನಲ್‌ನಲ್ಲಿ ಆಫ್. ನಾಲ್ಕೂ ಪ್ಲಗ್ ಮಸಿ. ಕಾರ್ಬುರೇಟರಿನಲ್ಲಿ ಪೆಟ್ರೋಲ್-ಗಾಳಿ ಹದ ಮಾಡೋ ಮಿಕ್ಸ್ಚರ್ ಸ್ಕ್ರೂ ಪೂರ್ತಿ ಒಳಗೆ ಬಿಗಿದರೂ ವ್ಯತ್ಯಾಸವೇ ಇಲ್ಲ. ಕಾರ್ಬುರೇಟರ್ ಎರಡು ಸಲ ತೊಳೆಸಿದ್ದಾಯ್ತು.

ಮೇಸ್ತ್ರಿ: ಚೋಕ್ ಪೂರ್ತಿ ತೆರೀತಿದೆಯಾ? ಹಾಗೇ ಆಯಿಲ್ ಡಿಪ್‌ಸ್ಟಿಕ್ ಎಳೆದು, ಮೂಸಿ ನೋಡಿ ಹೇಳಿ.

ಮಾರುತಿ 800, ತುಮಕೂರು: ನಂದೂ ಇದೇ ಸಾರ್. ಎಸಿ ಹಾಕಿದ್ರೆ ಆಫ್.

ಮೇಸ್ತ್ರಿ: ಇದೇ ಅಲ್ಲ. ಎಸಿ ಹಾಕಿದಾಗ ಐಡಲ್ ಏರಿಸೋ ವ್ಯಾಕ್ಯೂಮ್ ಪೈಪ್ ನೋಡಿಸಿ.

ಅಂಬಾಸಿಡರ್, ಮುಧೋಳ: ನಮಸ್ಕಾರ್ರಿ. ಎಸ್‌ಯು ಕಾರ್ಬುರೇಟರ್ ಡ್ಯಾಶ್‌ಪಾಟಿಗೆ ಯಾವ ಆಯಿಲ್ ಹಾಕಬೇಕ್ರಿ?

ಫಿಯಟ್, ಮಂಗಳೂರು: ಐಡ್ಲಿಂಗಿಗೆ ಒಂದು ಫಾರ್ವರ್ಡ್, ಬಂದದ್ದನ್ನು ಹಾಗೇ ಹಾಕ್ತಿದ್ದೇನೆ. ಟ್ಯಾಂಕಿಗೆ ನಾಲ್ಕು ನುಸಿಗುಳಿಗೆ ಹಾಕಿ, ಜೆಟ್ (ಕಾರ್ಬುರೇಟರಲ್ಲಿ ಪೆಟ್ರೋಲ್ ಬರೋ ಸಣ್ಣ ತೂತು) ಕಟ್ಟಿದ್ರೆ ಗುಂಡುಸೂಜಿಯಿಂದ ಚುಚ್ಚಿ. ಐಡ್ಲಿಂಗ್ ಗ್ಯಾರಂಟಿ!

ಮೇಸ್ತ್ರಿ: ನುಸಿಗುಳಿಗೆ ಬೀರುವಿಗೆ. ಸೂಜಿ ಚುಚ್ಚಿದ ಜೆಟ್ಟಿನ ತೂತು ದೊಡ್ಡದಾಯ್ತು ಅಂದ್ರೆ ಜೆಟ್ ಎಸೀಬೇಕು. ಗಾಳಿ ಹೊಡೆಸಿ, ಸಾಕು.

ಪದ್ಮಿನಿ, ಹಾಸನ: ಚೋಕ್ ಸರಿ ಇದೆ ಸಾರ್. ಆಯಿಲ್ ಮೇಲಿನ ಗೆರೆ ದಾಟಿ ಒಂದು ಬೆರಳು ಜಾಸ್ತಿ ಇದೆ, ನೀರಿನ ಹಾಗೆ ತೆಳ್ಳಗೆ. ಪೆಟ್ರೋಲ್ ವಾಸನೆ. ಆಯಿಲ್ ಕುಡೀತಿಲ್ಲ ಅಂತ ಖುಷಿಯಲ್ಲಿದ್ದೆ.

ಮೇಸ್ತ್ರಿ: ಮತ್ತೆ ಸ್ಟಾರ್ಟ್ ಮಾಡಬೇಡಿ. ಪೆಟ್ರೋಲ್ ಪಂಪಿನ ಡಯಾಫ್ರಾಂ, ಅಂದ್ರೆ ಒಳಗಿನ ರಬ್ಬರ್ ಪೊರೆ, ಹರಿದಿರಬೇಕು. ಎಂಜಿನ್ ಪಕ್ಕಕ್ಕೇ ಕೂತಿರೋ ಪಂಪ್ ಅದು. ಹರಿದರೆ ಪೆಟ್ರೋಲ್ ಸೀದಾ ಸಂಪ್‌ಗೆ, ಅಂದ್ರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿಯುತ್ತೆ. ಎಂಜಿನ್ ಬಿಸಿಯಾದಂತೆ ಅಲ್ಲಿ ಆವಿಯಾಗಿ, ಬ್ರೀದರ್ ಪೈಪ್ ಹಿಡಿದು ಏರ್ ಫಿಲ್ಟರಿಗೆ ಬಂದು, ಮತ್ತೆ ಕಾರ್ಬುರೇಟರ್ ಒಳಗೇ ಹೋಗುತ್ತೆ. ನೀವು ಮುಂಬಾಗಿಲಲ್ಲಿ ಸ್ಕ್ರೂ ಬಿಗೀತಿದ್ದೀರಿ, ಪೆಟ್ರೋಲ್ ಹಿತ್ತಿಲಿಂದ ಬರ್ತಿದೆ. ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಆಫ್ ಅಂದ್ರಲ್ಲ, ಅದಕ್ಕೇ. ಆ ತೆಳು ಆಯಿಲಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತೆ. ಅದಕ್ಕಿಂತ ನನ್ನ ಹೆದರಿಕೆ ಬೆಂಕಿಯದು: ಸಂಪ್ ತುಂಬ ಪೆಟ್ರೋಲ್ ಆವಿ, ಒಂದು ಬ್ಯಾಕ್‌ಫೈರ್ ಸಾಕು. ಪಂಪ್ ಬಿಚ್ಚಿ ಡಯಾಫ್ರಾಂ ಬೆಳಕಿಗೆ ಹಿಡಿಯಿರಿ. ಅದು ಚೆನ್ನಾಗಿದ್ದರೆ ಮಾತ್ರ ಕಾರ್ಬುರೇಟರಿಗೆ ಪೆಟ್ರೋಲ್ ಬಿಟ್ಟು ನಿಲ್ಲಿಸೋ ಫ್ಲೋಟ್ ನೀಡಲ್ ಸೋರ್ತಿದೆಯಾ ನೋಡಿ. ಆಮೇಲೆ ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಿ. ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ. ಉಳಿದದ್ದು ಎಂಜಿನ್ ಬಿಸಿ ಮಾಡಿ, ಕಿವಿಕೊಟ್ಟು.

ಫಿಯಟ್, ಮಂಗಳೂರು: ಎಲ್ಲ ಎಥನಾಲ್ ಮಹಿಮೆ. 20 ಪರ್ಸೆಂಟ್ ಬೆರೆಸಿ ಹಳೇ ಗಾಡಿಗಳನ್ನು ಕೊಂದ್ರು.

ಅಂಬಾಸಿಡರ್, ಮುಧೋಳ: ನಲವತ್ತು ವರ್ಷದ ರಬ್ಬರ್ ತಾನಾಗೇ ಹರೀತದ. ಎಲ್ಲಾ ಎಥನಾಲ್ ತಲಿಗೆ ಕಟ್ಟಬ್ಯಾಡ್ರಿ.

ಫಿಯಟ್, ಮಂಗಳೂರು: ಕಬ್ಬು ಬೆಳೆಯುವವರು ಮತ್ತೇನು ಹೇಳ್ತೀರಿ.

ಅಂಬಾಸಿಡರ್, ಮುಧೋಳ: ಕಬ್ಬಿನ ಬಾಕಿ ಬಿಲ್ ನೀವು ಕೊಡ್ತೀರೇನು? ನುಸಿಗುಳಿಗಿ ಡಾಕ್ಟರು ಬಂದಾರ ಹೇಳಾಕ.

ಫಿಯಟ್, ಮಂಗಳೂರು: ಮರ್ಯಾದೆಯಲ್ಲಿ ಮಾತಾಡಿ.

ಮೇಸ್ತ್ರಿ: ಎಥನಾಲಿಗೆ ಹಳೇ ರಬ್ಬರ್ ಊದುತ್ತೆ, ನಿಜ. ಆದರೆ ಎಥನಾಲ್ ಪೆಟ್ರೋಲಲ್ಲಿ ಮಿಕ್ಸ್ಚರ್ ಲೀನ್ ಆಗುತ್ತೆ, ಅಂದ್ರೆ ಗಾಳಿ ಜಾಸ್ತಿ; ಪ್ಲಗ್ ಮಸಿ ಹಿಡಿಯಲ್ಲ. ಮಸಿ ಹಿಡಿಯೋದು ಪೆಟ್ರೋಲ್ ಜಾಸ್ತಿ ಆದಾಗ. ಜಗಳ ಇದ್ದರೆ ಬೇರೆ ಕಡೆ ಆಡಿ.

ಮಾರುತಿ 800, ತುಮಕೂರು: ಸಾರ್, ಸ್ಕ್ರೂ ಎಷ್ಟು ಸುತ್ತು ಅಂದ್ರಿ? ನಂದಕ್ಕೂ ಅಷ್ಟೇನಾ?

ಮೇಸ್ತ್ರಿ: ನಿಮಗೆ ಪೈಪ್ ನೋಡಿ ಅಂದೆ.

ಅಂಬಾಸಿಡರ್, ಮುಧೋಳ: ನನ್ನ ಆಯಿಲ್ ಪ್ರಶ್ನೆ ಅಲ್ಲೇ ಉಳೀತ್ರಿ.

ಪದ್ಮಿನಿ, ಹಾಸನ: ಪಂಪ್ ಬಿಚ್ಚಿದ್ವಿ ಸಾರ್. ಡಯಾಫ್ರಾಂ ಅಂಚಲ್ಲಿ ಉಗುರುದ್ದ ಸೀಳು! ಹಳೇದನ್ನೇ ಕೂರಿಸಿ ಗ್ಯಾರೇಜ್‌ವರೆಗೆ ಮೆಲ್ಲಗೆ ಓಡಿಸಿಕೊಂಡು ಹೋಗಲಾ?

ಮೇಸ್ತ್ರಿ: ಇಷ್ಟು ಹೊತ್ತು ನಾನು ಯಾರಿಗೆ ಹೇಳಿದ್ದು? ಟೋ ಮಾಡಿಸಿ.