ಕ್ಯಾಪ್ಟನ್ ಬಿಯಾಂಡ್‌ನ ಮೊದಲ ಆಲ್ಬಂ: ಹೇಗೆ ಕೇಳಬೇಕು?

ಪ್ರಶ್ನೆ: ಬ್ರಿಟನ್ನಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ಅಂದ್ರೆ ನನಗೆ ಪ್ರಾಣ. ಅದರ ಮೊದಲ ಗಾಯಕ ರಾಡ್ ಎವಾನ್ಸ್ ಆಮೇಲೆ ಹಾಡಿದ ಕ್ಯಾಪ್ಟನ್ ಬಿಯಾಂಡ್ ಬ್ಯಾಂಡಿನ 1972ರ ಆಲ್ಬಂ ಕೇಳಲೇಬೇಕು ಅಂತ ಗೆಳೆಯರೊಬ್ಬರು ಹೇಳಿದರು. ಬಸ್ಸಿನಲ್ಲಿ ಎರಡು ಸಲ ಕೇಳಿದೆ, ತಲೆಗೆ ಹತ್ತಲಿಲ್ಲ. ಯಾವ ಹಾಡು ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ. ಕೇಳಿದವರು ದಾರಿ ಹೇಳಿ. ಎಲ್‌ಪಿ (ಗ್ರಾಮಫೋನ್ ತಟ್ಟೆ) ತಗೋಬಹುದಾ?

ಉತ್ತರ 1: ನನಗೂ ಮೊದಲು ಹೀಗೇ ಆಗಿತ್ತು ಸರ್. ಫೋನಿನಲ್ಲಿ ಹಾಡುಗಳನ್ನು ಹಿಂದುಮುಂದು ಮಾಡುವ ಶಫಲ್ ಹಾಕಿ ಕೇಳುತ್ತಿದ್ದೆ. ದಯವಿಟ್ಟು ಅದನ್ನು ತೆಗೆಯಿರಿ. 'ಡ್ಯಾನ್ಸಿಂಗ್ ಮ್ಯಾಡ್ಲಿ ಬ್ಯಾಕ್‌ವರ್ಡ್ಸ್', 'ಆರ್ಮ್‌ವರ್ತ್', 'ಮಯೋಪಿಕ್ ವಾಯ್ಡ್' ಮೂರೂ ಒಂದೇ ಹುರಿಯಲ್ಲಿ ಹೊಸೆದ ಹಾಗಿವೆ. ಬಿಡಿಸಿದರೆ ಸತ್ವ ಹೋಗುತ್ತದೆ. ಇಡೀ ಆಲ್ಬಂ ಸುಮಾರು 35 ನಿಮಿಷ ಅಷ್ಟೆ. ರಾತ್ರಿ ಮನೆ ಮಲಗಿದ ಮೇಲೆ ಒಂದೇ ಸಲ ಕೂತು ಕೇಳಿ.

ಇನ್ನೊಂದು ಮಾತು. ಮೊದಲ ಹಾಡಿನ ಶುರುವಿನ ಡ್ರಮ್ ಕೇಳುತ್ತಾ ತೊಡೆಯ ಮೇಲೆ ನಾಲ್ಕು ನಾಲ್ಕಾಗಿ ತಾಳ ಎಣಿಸಿ ನೋಡಿ, ಕೈ ತಪ್ಪುತ್ತದೆ. ನಾನು ವಾರಗಟ್ಟಲೆ ತಪ್ಪುತ್ತಿದ್ದೆ. ಸಂಗೀತ ಕಲಿತ ನನ್ನ ಅಕ್ಕ ಅಡುಗೆಮನೆಯಿಂದಲೇ ಕೇಳಿಸಿಕೊಂಡು, 'ಅದು ಐದು ಕಣೋ' ಅಂದಳು. ಐದಕ್ಕೆ ಎಣಿಸಿದ ದಿನ ಆ ಹಾಡು ನನ್ನದಾಯಿತು. ಡ್ರಮ್ ಬಾರಿಸಿದವರು ಬಾಬಿ ಕಾಲ್ಡ್‌ವೆಲ್. ಹುಡುಕುವಾಗ ಅದೇ ಹೆಸರಿನ ಗಾಯಕರೊಬ್ಬರು ಸಿಗುತ್ತಾರೆ, ಅವರು ಬೇರೆ.

ಉತ್ತರ 2: ಎಲ್‌ಪಿ ಬಗ್ಗೆ ಹೇಳ್ತೀನಿ. ಅಮೆರಿಕದಲ್ಲಿ ಮೊದಲು ಬಂದ ಪ್ರತಿಯ ಹೊದಿಕೆಯಲ್ಲಿ 3ಡಿ ಚಿತ್ರ ಇತ್ತು. ಓರೆ ಮಾಡಿದರೆ ಚಿತ್ರ ಅಲುಗುತ್ತದೆ, ಬೆರಳಾಡಿಸಿದರೆ ಸಣ್ಣ ಗೀರು ಗೀರು ಸಿಗುತ್ತದೆ. ನನಗೆ ಒಬ್ಬ ಮಾರಾಟಗಾರ 'ಒರಿಜಿನಲ್' ಅಂತ ಹೇಳಿ ಸಾದಾ ಹೊದಿಕೆಯ ಮರುಮುದ್ರಣ ಕಳಿಸಿದ. ದುಡ್ಡು ವಾಪಸ್ ಬರಲಿಲ್ಲ, ತುಂಬ ನೋವಾಯಿತು. ಹೊದಿಕೆಯನ್ನು ಓರೆ ಮಾಡಿದ ವಿಡಿಯೋ ಕೇಳದೆ ದುಡ್ಡು ಕೊಡಬೇಡಿ. ಸುಮ್ನೆ ಕೇಳುವುದಕ್ಕಾದರೆ ಮರುಮುದ್ರಣ ಸಾಕು.

ಉತ್ತರ 3: ಇಂಥ ಆಲ್ಬಂ ಮೂಲೆಗೆ ಬಿದ್ದಿದ್ದು ನನಗೆ ಇವತ್ತಿಗೂ ಸಂಕಟ. ಗಿಟಾರಿನ ಲ್ಯಾರಿ ರೈನ್‌ಹಾರ್ಟ್, ಬೇಸ್‌ನ ಲೀ ಡಾರ್ಮನ್ ಇಬ್ಬರೂ ಐರನ್ ಬಟರ್‌ಫ್ಲೈ ಎಂಬ ಇನ್ನೊಂದು ರಾಕ್ ಬ್ಯಾಂಡಿನಿಂದ ಬಂದವರು. ಆ ಬ್ಯಾಂಡಿನ ಹಳೆಯ ಕರಾರಿನ ತೊಡಕಿನಿಂದ ಹಾಡು ಕಟ್ಟಿದವರ ಪಟ್ಟಿಯಲ್ಲಿ ಅವರ ಹೆಸರೇ ಬರಲಿಲ್ಲ, ಎವಾನ್ಸ್ ಮತ್ತು ಕಾಲ್ಡ್‌ವೆಲ್ ಹೆಸರು ಮಾತ್ರ. ಆಲ್ಬಂ ತಂದಿದ್ದು ಅಮೆರಿಕದ ಜಾರ್ಜಿಯಾ ರಾಜ್ಯದ ಕ್ಯಾಪ್ರಿಕಾರ್ನ್ ಎಂಬ ರೆಕಾರ್ಡ್ ಕಂಪನಿ. ಅದು ಆಲ್‌ಮನ್ ಬ್ರದರ್ಸ್ ಬ್ಯಾಂಡಿನವರ ಕಂಪನಿ ಅಂತಲೇ ಹೆಸರಾಗಿತ್ತು. ಅಮೆರಿಕದ ದಕ್ಷಿಣದ ಬ್ಲೂಸ್ ಸಂಗೀತ ಹುಡುಕಿ ಬಂದವರಿಗೆ ಈ ಗಡಸು ಸದ್ದು ಹೇಗೆ ಹಿಡಿಸಬೇಕು, ಅಲ್ವಾ? 1971ರಲ್ಲಿ ತೀರಿಕೊಂಡ, ಆಲ್‌ಮನ್ ಬ್ರದರ್ಸ್‌ನ ಗಿಟಾರ್ ವಾದಕ ಡುವೇನ್ ಆಲ್‌ಮನ್‌ಗೇ ಆಲ್ಬಂ ಅರ್ಪಿಸಿದ್ದಾರೆ.

ಉತ್ತರ 4: ಬ್ಯಾಂಡಿನ ಎರಡನೇ ಆಲ್ಬಂ, 1973ರ 'ಸಫಿಶಿಯಂಟ್ಲಿ ಬ್ರೆತ್‌ಲೆಸ್' ಈಗಲೇ ಕೇಳಬೇಡಿ. ಅದರಲ್ಲಿ ಕಾಲ್ಡ್‌ವೆಲ್ ಇಲ್ಲ, ಸದ್ದು ಮೆತ್ತಗಾಗಿದೆ. ಮೊದಲನೆಯದರ ಎರಡನೇ ಮಗ್ಗುಲಲ್ಲಿ 'ಆಸ್ ದ ಮೂನ್ ಸ್ಪೀಕ್ಸ್' ಬರುತ್ತದಲ್ಲ, ಅಲ್ಲಿ ಎವಾನ್ಸ್ ದನಿ ತಗ್ಗಿಸುತ್ತಾರೆ. ಅಲ್ಲಿಯವರೆಗೆ ತಾಳ್ಮೆ ಇಟ್ಟುಕೊಳ್ಳಿ. ಮತ್ತೆ ಹೆಡ್‌ಫೋನ್ ಇರಲಿ.