ಕ್ರೋಶಾ ಕಡ್ಡಿ ಹಿಡ್ಕೊಂಡು ಕಡಲ ದಂಡೆ ಸುತ್ಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ?

ಕುಚ್ಚಿನಕ್ಕ_ದಾವಣಗೆರೆ

ನಮಸ್ಕಾರ್ರಿ ಎಲ್ರಿಗೂ. ನಿಟ್ಟುವಳ್ಳಿ ಕಡೆ ನಮ್ಮನೆ, ಸೀರೆಗೆ ಕುಚ್ಚು ಹಾಕ್ಕೊಡ್ತೀನಿ, ಹನ್ನೆರಡು ವರ್ಷ ಆಯ್ತು. ಮೊದ್ಲು ಬರೀ ಗಂಟಿನ ಕುಚ್ಚು, ಆಮೇಲೆ ಕ್ರೋಶಾ ಕಲ್ತೆ, ಈಗ ಮದುವೆ ಸೀಸನ್ನಲ್ಲಿ ಕೂತ್ರೆ ಏಳಕ್ಕಾಗಲ್ಲ, ಕುತ್ತಿಗೆ ಹಿಡ್ಕೊಂಡ್ಬಿಡತ್ತೆ. ಇಷ್ಟು ವರ್ಷದಲ್ಲಿ ನನ್ನ ಕುಚ್ಚು ಎಲ್ಲೆಲ್ಲಿಗೋ ಹೋಗಿ ಬಂದಾವೆ, ನಾನು ಮಾತ್ರ ಹರಿಹರ ದಾಟಿದ್ದು ಕಮ್ಮಿ.

ಅದಕ್ಕೇ ಬರೋ ಸಂಕ್ರಾಂತಿ ಟೈಮಲ್ಲಿ 20 ದಿನ ಕೆಲಸ ಹಿಡಿಯಲ್ಲ ಅಂತ ಗಿರಾಕಿಗಳಿಗೆ ಈಗ್ಲೇ ಹೇಳ್ಬಿಟ್ಟೀನಿ. ನಾನು, ನಮ್ಮಕ್ಕ ಇಬ್ರೇ. ಕಾರವಾರದಿಂದ ಶುರು ಮಾಡಿ ಉಡುಪಿ, ಮಂಗಳೂರು, ಕಣ್ಣೂರು, ಕನ್ಯಾಕುಮಾರಿ, ಅಲ್ಲಿಂದ ಆ ಕಡೆ ದಂಡೆ ಹಿಡ್ಕೊಂಡು ಪುರಿ ತನಕ ಅಂತ ಮ್ಯಾಪ್ ಮೇಲೆ ದಾರ ಇಟ್ಟು ನೋಡೀನಿ. ಬೀಚು ಗೀಚು ಇದ್ರೆ ಇರ್ಲಿ, ನಂಗೆ ಬೇಕಾಗಿರೋದು ಕೈಕೆಲಸ. ಮಗ್ಗ, ಬಣ್ಣ ಹಾಕೋದು, ಮುಖ್ಯವಾಗಿ ಕ್ರೋಶಾ ಮಾಡೋರ ಪಕ್ಕ ಕೂತು ನೋಡ್ಬೇಕು. ಬಸ್ಸು ರೈಲಲ್ಲೇ ಓಡಾಟ. ಆಗುತ್ತಾ ಇದು?

ದುರ್ಗದ_ನೂಲು

ಮೇಡಂ, ಆಸೆ ಚೆನ್ನಾಗೈತೆ, ಆದ್ರೆ ನೀವು ದಾರ ಇಟ್ಟು ನೋಡಿರೋದು ಎರಡೂವರೆ ಸಾವಿರ ಕಿಲೋಮೀಟರ್ ಮೀರತ್ತೆ. 20 ದಿನದಲ್ಲಿ ಅಷ್ಟು ಸುತ್ತಿದ್ರೆ ಕಿಟಕಿಯಿಂದ ತೆಂಗಿನಮರ ನೋಡ್ಕೊಂಡು ಬರ್ತೀರ ಅಷ್ಟೇ. ಒಂದು ದಂಡೆ ಬಿಡ್ರಿ. ಕ್ರೋಶಾನೇ ಮುಖ್ಯ ಅಂದ್ರೆ ಕಣ್ಮುಚ್ಕೊಂಡು ಪೂರ್ವಕ್ಕೆ ಹೋಗ್ರಿ.

ಯಾಕಂದ್ರೆ ಆಂಧ್ರದ ನರಸಾಪುರ ಇರೋದು ಅಲ್ಲಿ. ಗೋದಾವರಿ ಸಮುದ್ರ ಸೇರೋ ಹತ್ರದ ಊರು, ಸುತ್ತ ಪಾಲಕೊಲ್ಲು ಕಡೆ ಹಳ್ಳಿಗಳಲ್ಲಿ ಜಗಲಿ ಮೇಲೆ ಹೆಂಗಸರು ಕೂತು ಕ್ರೋಶಾ ಲೇಸ್ ಹಾಕ್ತಿರ್ತಾರೆ. 1840ರ ದಶಕದಲ್ಲಿ ಸ್ಕಾಟ್ಲೆಂಡಿನಿಂದ ಬಂದ ಮಿಷನರಿ ದಂಪತಿ ಕಲಿಸಿದ್ದು ಅಂತಾರೆ. ಮಾಲು ಫಾರಿನ್ನಿಗೆ ಹೋಗತ್ತೆ, 2024ರಲ್ಲಿ ಜಿಐ ಟ್ಯಾಗೂ (ಇದು ಈ ಊರಿನದೇ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ತು. ಆದ್ರೆ ಕೂಲಿ ಪೀಸ್ ಲೆಕ್ಕ, ನಡುವೆ ಏಜೆಂಟ್ರು. ಕೆಲಸ ತಗೊಳ್ಳೋದು, ಮನೇಲಿ ಹಾಕೋದು, ವಾಪಸ್ ಕೊಡೋದು. ನಿಮ್ಮ ಕುಚ್ಚಿನ ಕತೆನೇ, ನೀವು ಹೋಗಿ ಅರ್ಧ ಗಂಟೆ ಕೂತ್ರೆ ತೆಲುಗು ಬರದಿದ್ರೂ ಅರ್ಥ ಆಗತ್ತೆ ಬಿಡ್ರಿ.

ದಾರಿ ಹೇಳ್ತೀನಿ. ಬಳ್ಳಾರಿ ತನಕ ಬಸ್ಸು, ಅಲ್ಲಿಂದ ಅಮರಾವತಿ ಎಕ್ಸ್‌ಪ್ರೆಸ್ಸಲ್ಲಿ ವಿಜಯವಾಡ. ವಿಜಯವಾಡದಿಂದ ಗುಡಿವಾಡ ಜಂಕ್ಷನ್, ಅಲ್ಲಿ ರೈಲ್ವೆ ಲೈನು ಎರಡಾಗತ್ತೆ, ಒಂದು ಪೆಡನ ಮೇಲೆ ಮಚಲೀಪಟ್ಣಕ್ಕೆ, ಇನ್ನೊಂದು ಭೀಮಾವರಂ ಕಡೆ, ಭೀಮಾವರಂನಿಂದ ಪಾಲಕೊಲ್ಲು ಮೇಲೆ ನರಸಾಪುರ. ಮೊದ್ಲು ಪೆಡನದಲ್ಲಿ ಇಳೀರಿ, ಅಚ್ಚಿನ ಕಲಂಕಾರಿ, ಅಂದ್ರೆ ಬಟ್ಟೆ ಮೇಲೆ ಅಚ್ಚೊತ್ತಿ ಚಿತ್ರ ಮಾಡೋ ಊರು ಅದು (ಪೆನ್ನಲ್ಲಿ ಬರೆಯೋದು ಶ್ರೀಕಾಳಹಸ್ತಿ, ಎರಡೂ ಒಂದೇ ಅನ್ಕೋಬೇಡ್ರಿ). ಬಟ್ಟೇನ ಅಳಲೆಕಾಯಿ ನೀರಲ್ಲಿ ಅದ್ದಿ ಒಣಗಿಸಿ, ತೇಗದ ಅಚ್ಚಲ್ಲಿ ಒತ್ತುತಾರೆ. ಕಬ್ಬಿಣದ ತುಕ್ಕು, ಬೆಲ್ಲ ಕೊಳೆಸಿದ ನೀರಿಂದ ಕಪ್ಪು ಬರತ್ತೆ. ಪಟಿಕ ಒತ್ತಿದ ಜಾಗ ಮೊದ್ಲು ಕಾಣ್ಸೋದೇ ಇಲ್ಲ, ಬಣ್ಣದ ಹಂಡೇಲಿ ಕುದಿಸಿದಾಗ ಅಲ್ಲಿ ಮಾತ್ರ ಕೆಂಪು ಎದ್ದು ಬರತ್ತೆ, ನೋಡ್ತಾ ನೋಡ್ತಾ! ನಾನು ಅಲ್ಲಿ ಇಡೀ ದಿನ ನಿಂತಿದ್ದೆ, ಊಟ ಮರ್ತಿದ್ದೆ.

ಒಂದು ಹುಷಾರು, ಗೋದಾವರಿ ಜಿಲ್ಲೆಗಳಲ್ಲಿ ಸಂಕ್ರಾಂತಿ ಅಂದ್ರೆ ನಮ್ಮ ಯುಗಾದಿಗಿಂತ ಜೋರು, ಊರಿಗೆ ಊರೇ ಕೆಲಸ ಬಿಟ್ಟಿರತ್ತೆ, ರೈಲಲ್ಲಿ ಕಾಲಿಡಕ್ಕೂ ಜಾಗ ಇರಲ್ಲ. ಹಬ್ಬ ಮುಗಿದು ನಾಕೈದು ದಿನ ಬಿಟ್ಟು ಹೊರಡ್ರಿ.

ಕಡಲಮಗಳು_ವಿದ್ಯಾನಗರ

ದುರ್ಗದವ್ರೆ ಪಶ್ಚಿಮ ದಂಡೇನ ಪೂರ್ತಿ ಹೊಡೆದು ಹಾಕಿದ್ರಲ್ಲ ಮಾರಾಯ್ರೆ 😄 ನಾನು ಉಡುಪಿ ಕಡೆಯವಳು, ಮದುವೆಯಾಗಿ ದಾವಣಗೆರೆಗೆ ಬಂದವಳು, ಸ್ವಲ್ಪ ನಮ್ಮದೂ ಕೇಳಿ. ಉಡುಪಿ ಸೀರೆ ಉಂಟಲ್ಲ, ಹತ್ತಿಯದ್ದು, ಹಗುರ, ಸೆಕೆಗೆ ಅಷ್ಟು ಒಳ್ಳೇದು ಬೇರೆ ಇಲ್ಲ. ನೇಯುವವರು ಬೆರಳೆಣಿಕೆಯಷ್ಟಾಗಿದ್ರು, 2016ರಲ್ಲಿ ಜಿಐ ಸಿಕ್ಕಿದ ಮೇಲೆ ಸ್ವಲ್ಪ ಉಸಿರು ಬಂತು. ಕಿನ್ನಿಗೋಳಿ ಹತ್ರ ತಾಳಿಪಾಡಿ ನೇಕಾರರ ಸೊಸೈಟಿಗೆ ಹೋದ್ರೆ ಮಗ್ಗದ ಸದ್ದು ಕೇಳ್ಬಹುದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವ್ರು 1834ರಲ್ಲಿ ಮಂಗಳೂರಿಗೆ ಬಂದು ಆಮೇಲೆ ಹಂಚಿನ ಜೊತೆ ನೇಯ್ಗೆ ಕಾರ್ಖಾನೇನೂ ಹಾಕಿದ್ರು, ಖಾಕಿ ಬಣ್ಣ ಹುಟ್ಟಿದ್ದೇ ನಮ್ಮಲ್ಲಿ ಅಂತ ಮಂಗಳೂರಿನವ್ರು ಈಗ್ಲೂ ಜಂಬ ಕೊಚ್ತಾರೆ. ಕಣ್ಣೂರಿನ ಕೈಮಗ್ಗಕ್ಕೂ ಅದೇ ಮಿಷನ್ ನಂಟು ಉಂಟು.

ಆದ್ರೆ ಒಪ್ತೇನೆ, ಕ್ರೋಶಾ ಅಂದ್ರೆ ನಮ್ಮಲ್ಲಿ ಮನೆಮನೇಲಿ ಟಿವಿ ಮೇಲೆ ಹಾಸೋದು, ಬಾಗಿಲಿಗೆ ತೋರಣ, ಅಷ್ಟೇ. ಊರಿಗೆ ಊರೇ ಮಾಡೋದಿಲ್ಲ. ಹಾಗಾಗಿ ನಮ್ಮ ಕಡೆಗೆ ಬೇರೆ ಸಲ ಬನ್ನಿ, ನಾಕು ದಿನ ಸಾಕು, ಶಿವಮೊಗ್ಗ ತೀರ್ಥಹಳ್ಳಿ ಆಗುಂಬೆ ಇಳಿದ್ರೆ ಉಡುಪಿ. ಮಳೆಗಾಲದಲ್ಲಿ ಮಾತ್ರ ಬೇಡ.

ಉಂಡೆ_ಲಚ್ಚಿ

ಸಾಮಾನಿನ ಬಗ್ಗೆ ಯಾರೂ ಹೇಳ್ಲಿಲ್ಲ. ಸ್ಟೀಲ್ ಕಡ್ಡಿ ತಗೊಂಡು ಹೋಗ್ತೀರಲ್ಲ, ಸಮುದ್ರದ ಗಾಳಿ ಮತ್ತೆ ಕೈ ಬೆವರು ಸೇರಿ ಮೂರೇ ದಿನಕ್ಕೆ ತುಕ್ಕು ಹಿಡಿಯತ್ತೆ. ನಂಗೆ ಗೊತ್ತಾಗ್ಲಿಲ್ಲ, ಬಿಳಿ ದಾರದಲ್ಲಿ ಅರ್ಧ ಹಾಕಿದ್ದ ತೋರಣದ ತುಂಬ ಕಂದು ಚುಕ್ಕೆ, ಎಷ್ಟು ಒಗೆದ್ರೂ ಹೋಗ್ಲಿಲ್ಲ, ಬೈಕೊಂಡು ಪೂರ್ತಿ ಬಿಚ್ಚಿದೆ. ದಿನಾ ರಾತ್ರಿ ಒರೆಸಿ ಒಂದು ತೊಟ್ಟು ಮಿಷಿನ್ ಎಣ್ಣೆ ಸವರಿ ಇಡ್ರಿ, ಬೆಳಿಗ್ಗೆ ಮತ್ತೆ ಒರೆಸ್ರಿ. ರೇಷ್ಮೆ ದಾರ ಮನೇಲೇ ಬಿಡ್ರಿ, ರೈಲಲ್ಲಿ ಸಿಕ್ಕಾದ್ರೆ ಬಿಡಿಸೋದ್ರಲ್ಲೇ ಊರು ಬರತ್ತೆ. ಕೊಂಡಿದ್ದನ್ನ ಹೊತ್ಕೊಂಡು ತಿರುಗಬೇಡ್ರಿ, ಪೋಸ್ಟ್ ಆಫೀಸಲ್ಲಿ ಪಾರ್ಸೆಲ್ ಮಾಡಿ ಮನೆಗೆ ಕಳಿಸ್ರಿ.

ಮತ್ತೆ ನಿಮ್ಮ ಕುಚ್ಚಿನ ನಾಕು ಸ್ಯಾಂಪಲ್ ಒಂದು ಬಟ್ಟೆಗೆ ಹೊಲಿದು ತಗೊಂಡೋಗ್ರಿ. ಕೈಗೆ ಕೊಟ್ರೆ ಅವರೇ ಮಾತು ಶುರು ಮಾಡ್ತಾರೆ.

ದುರ್ಗದ_ನೂಲು

ಸ್ಯಾಂಪಲ್ ಐಡಿಯಾ ಸೂಪರ್. ನರಸಾಪುರ ಆದ್ಮೇಲೆ ಕಾಕಿನಾಡ ಪಕ್ಕ ಉಪ್ಪಾಡ ಬಿಡಬೇಡ್ರಿ, ಜಾಮ್ದಾನಿ ಸೀರೆ, ಹೂವು ಬಳ್ಳಿ ಎಲ್ಲ ಮಗ್ಗದಲ್ಲೇ ಕೈಯಿಂದ ದಾರ ಸೇರಿಸಿ ಎತ್ತೋದು. ಕಾಕಿನಾಡದಿಂದ ಸಮುದ್ರದ ಪಕ್ಕದ ರೋಡನ್ನ ಅಲೆ ತಿಂತಾನೇ ಇರತ್ತೆ, ಹೊರಡೋ ಮುಂಚೆ ಕೇಳ್ಕೊಳ್ರಿ. ಅಲ್ಲಿಂದ ಮೇಲೆ ಶ್ರೀಕಾಕುಳಂ ಜಿಲ್ಲೆ ಪೊಂದೂರು, ಖಾದಿ. ಹತ್ತೀನ ಬಾಚೋಕೆ ಮೀನಿನ ದವಡೆ, ಹಲ್ಲಿರೋದು, ಅದನ್ನ ಉಪಯೋಗಿಸ್ತಾರೆ! ಮಿಲ್ಲಿನ ಊರಲ್ಲಿ ಬೆಳೆದ ನೀವು ಅದನ್ನ ನೋಡ್ಲೇಬೇಕು.

ಕುಚ್ಚಿನಕ್ಕ_ದಾವಣಗೆರೆ

ಮೀನಿನ ದವಡೆ!! ನಮ್ಮಪ್ಪ ಕಾಟನ್ ಮಿಲ್ಲಲ್ಲಿ ಇದ್ದೋರು, ಸೈರನ್ ಕೇಳಿ ಗಡಿಯಾರ ಸರಿ ಮಾಡ್ತಿದ್ವಿ, ಈಗ ಆ ಮಿಲ್ಲೂ ಇಲ್ಲ ಅಪ್ಪನೂ ಇಲ್ಲ. ಇದ್ದಿದ್ರೆ ನಂಬ್ತಿರ್ಲಿಲ್ಲ.

ಸರಿ, ಪಶ್ಚಿಮ ಬಿಟ್ಟೆ. ಪೆಡನ ಮೂರು ದಿನ, ನರಸಾಪುರ ಒಂದು ವಾರ, ಉಪ್ಪಾಡ ಎರಡು, ಪೊಂದೂರು ಎರಡು. ಅಲ್ಲಿ ಲೇಸ್ ಕೊಳ್ಳುವಾಗ ಚೌಕಾಸಿ ಮಾಡಲ್ಲ ಅಂತ ಈಗ್ಲೇ ಅಕ್ಕನ ಹತ್ರ ಆಣೆ ಮಾಡಿಸ್ಕೊಂಡೀನಿ. "ದಾರದ ದುಡ್ಡು ಕೊಟ್ರೆ ಸಾಕಲ್ವಾ" ಅಂತ ನನ್ನ ಹತ್ರ ಕೇಳೋರು ವಾರಕ್ಕೆ ಇಬ್ರಾದ್ರೂ ಇರ್ತಾರೆ. ಅಕ್ಕ ಮಾತ್ರ ಪುರಿ ಜಗನ್ನಾಥನ್ನ ಬಿಡಲ್ಲ ಅಂತ ಹಠ, ನೋಡಿದ್ರೆ ರಥಕ್ಕೆ ಬಟ್ಟೆ ಕತ್ತರಿಸಿ ಹೊಲಿಯೋ ಪಿಪಿಲಿ ಭುವನೇಶ್ವರದಿಂದ ಪುರಿಗೆ ಹೋಗೋ ದಾರೀಲೇ ಐತಂತೆ, ನಾನೂ ಸುಮ್ನಾದೆ.

ದಾವಣಗೆರೆಯಿಂದ ಬಳ್ಳಾರಿಗೆ ಬೆಳಗಿನ ಮೊದಲ ಬಸ್ಸು ಎಷ್ಟೊತ್ತಿಗೆ, ಯಾರಾದ್ರೂ ಹೇಳ್ರಿ?